ಮೊದಲ ಹೆಪ್ಪು ಎಲ್ಲಿಂದ ಬಂತು

ಮಾರ್ಚ್ ೪

ಯಾಕಮ್ಮನಿಗೆ,

ನಿಮ್ಮಪ್ಪ ನಿನಗಿಟ್ಟ ಹೆಸರಲ್ಲೇ ಕರೆದಿದ್ದೇನೆ. ಮಾತೆತ್ತಿದರೆ ‘ಯಾಕೆ’ ಅನ್ನುತ್ತಿದ್ದೆಯಲ್ಲ, ಅದಕ್ಕೆ ಯಾಕಮ್ಮ. ಆ ಹೆಸರಿನ ಮೇಲೆ ನನಗೆ ಹಕ್ಕಿದೆಯೋ ಇಲ್ಲವೋ ಗೊತ್ತಿಲ್ಲ. ಬೇಡವಾದರೆ ಹೇಳು, ಬಿಡುತ್ತೇನೆ.

ಅವರು ಹೋಗಿ ನಾಲ್ಕು ತಿಂಗಳಾಯಿತು. ನಿನ್ನೆ ಧೈರ್ಯ ಮಾಡಿ ಅವರ ಮೇಜಿನ ಖಾನೆ ತೆಗೆದೆ. ನೀನು ಬರೆದ ಕಾಗದಗಳನ್ನೆಲ್ಲ ದಾರ ಕಟ್ಟಿ ಇಟ್ಟಿದ್ದಾರೆ. ದೇವರ ಮೇಲೆ ಪ್ರಮಾಣ, ಒಂದನ್ನೂ ಬಿಚ್ಚಿ ಓದಲಿಲ್ಲ. ಆದರೆ ಪ್ರತಿಯೊಂದರ ಕೊನೆಯ ಸಾಲು ನನಗೆ ಬಾಯಿಪಾಠ: ‘ಚಿಕ್ಕಮ್ಮನಿಗೆ ನಮಸ್ಕಾರ ಹೇಳು.’ ಅವರು ಅಡುಗೆಮನೆ ಬಾಗಿಲಲ್ಲಿ ನಿಂತು ಆ ಒಂದು ಸಾಲನ್ನು ಗಟ್ಟಿಯಾಗಿ ಓದುತ್ತಿದ್ದರು. ನಾನು ‘ನನ್ನದೂ ಹೇಳಿ’ ಅನ್ನುತ್ತಿದ್ದೆ. ನಿಮ್ಮಪ್ಪನ ಕೈಹಿಡಿದು ನಾನು ಈ ಮನೆಗೆ ಬಂದಾಗ ನಿನಗೆ ಹತ್ತು ವರ್ಷ. ಅಂದಿನಿಂದ ಹದಿನೇಳು ವರ್ಷ ನಮ್ಮಿಬ್ಬರ ನಡುವೆ ಅವರೇ ಅಂಚೆಯವರು. ಈಗ ಅಂಚೆಯವರೇ ಹೊರಟುಹೋದರು. ಇನ್ನು ನನಗೆ ನೀನೇನು, ನಿನಗೆ ನಾನೇನು ಅನ್ನುವುದನ್ನು ನಾವೇ ನೋಡಿಕೊಳ್ಳಬೇಕು.

ಫೋನು ಮಾಡಬಹುದಿತ್ತು. ಮಾಡಿದರೆ ಏನಾಗುತ್ತದೆ ಅಂತ ಇಬ್ಬರಿಗೂ ಗೊತ್ತು. ಚೆನ್ನಾಗಿದ್ದೀರಾ, ಹೂಂ, ಊಟ ಆಯ್ತಾ, ಹೂಂ. ಮೂರು ಹೂಂಗೆ ಮಾತು ಮುಗಿದು ಫೋನೇ ಬೇಸರ ಮಾಡಿಕೊಳ್ಳುತ್ತದೆ.

ನನ್ನ ಕೆಲಸ ಮೊದಲಿನ ಹಾಗೇ. ಬೆಳಗ್ಗೆ ಐದೂವರೆಗೆ ಆಸ್ಪತ್ರೆಯ ಅಡುಗೆಮನೆ. ಇನ್ನೂರ ನಲವತ್ತು ರೋಗಿಗಳ ಮೊಸರು ನನ್ನ ಜವಾಬ್ದಾರಿ. ತರಕಾರಿ ಹೆಚ್ಚುವ ಗಂಟೆಯಕ್ಕ ಕೇಳಿದಳು (ಅವಳು ಪಿಸುಗುಟ್ಟಿದರೂ ಮೂರನೆಯ ಮಹಡಿಗೆ ಕೇಳುತ್ತದೆ, ಅದಕ್ಕೇ ಆ ಹೆಸರು): “ಅಲ್ಲ ಕಣೇ, ನಿನ್ನ ಮಗಳು ಅಷ್ಟು ದೂರ ಹೋಗಿ ಮಾಡ್ತಿರೋದಾದ್ರೂ ಏನು?” ನಿಮ್ಮಪ್ಪ ಯಾರು ಕೇಳಿದರೂ ‘ಕಲ್ಲು ಬೇಯಿಸ್ತಾಳೆ’ ಅನ್ನುತ್ತಿದ್ದರು. ನಾನೂ ಅದನ್ನೇ ಹೇಳಿದೆ. “ಬೆಂದಿತಾ?” ಅಂದಳು.

ಬೆಂದಿತಾ ಯಾಕಮ್ಮ? ನನಗೆ ತಿಳಿಯುವ ಹಾಗೆ ಬರೆ. ಏಳನೇ ಕ್ಲಾಸಿನವರೆಗೆ ಓದಿದವಳು ಅನ್ನುವುದು ನೆನಪಿರಲಿ.

ಚಿಕ್ಕಮ್ಮ


ಮಾರ್ಚ್ ೧೯

ಚಿಕ್ಕಮ್ಮನಿಗೆ ನಮಸ್ಕಾರಗಳು.

ಈ ಸಾಲನ್ನು ಮೊದಲ ಸಲ ಮೇಲೆ ಬರೆಯುತ್ತಿದ್ದೇನೆ. ನೀವು ಯಾಕಮ್ಮ ಅನ್ನಬಹುದು. ಬೇರೆ ಯಾರೂ ಅನ್ನುವವರಿಲ್ಲ.

ಅಪ್ಪ ಹೇಳಿದ್ದು ತಮಾಷೆಯಾದರೂ ಸುಳ್ಳಲ್ಲ. ಭೂಮಿಯ ಮೇಲೆ ಮೊದಲ ಜೀವ ಹೇಗೆ ಬಂತು ಅಂದರೆ ಬಹಳ ಜನ ಬೀಜದ ಮಾತಾಡುತ್ತಾರೆ. ತನ್ನಂಥದೇ ಇನ್ನೊಂದನ್ನು ಹೇಗೆ ಮಾಡಬೇಕು ಅನ್ನುವ, ಬೀಜದೊಳಗಿನ ಬರಹ ಮೊದಲು ಹುಟ್ಟಿತು, ಉಳಿದದ್ದೆಲ್ಲ ಆಮೇಲೆ ಅಂತ. ನಮ್ಮ ಮೇಷ್ಟ್ರು ಕೇಳುವುದು ಬೇರೆ: ಬೀಜಕ್ಕಿಂತ ಮುಂಚೆ ಊಟ ಶುರುವಾಗಿತ್ತಾ? ಬಾಯಿ ಇಲ್ಲ, ಹೊಟ್ಟೆ ಇಲ್ಲ, ತಿನ್ನುವವರೇ ಇಲ್ಲ. ಬರೀ ತಿನ್ನುವ ಕೆಲಸ, ಅರಗಿಸುವ ಕೆಲಸ ತನ್ನಷ್ಟಕ್ಕೆ ನಡೆಯುತ್ತಿತ್ತಾ?

ಸಮುದ್ರದ ತಳದಲ್ಲಿ ಬಂಡೆಯ ಬಿರುಕುಗಳಿಂದ ಬಿಸಿ ನೀರು ಉಕ್ಕುವ ಜಾಗಗಳಿವೆ. ಆ ನೀರಿನಲ್ಲಿ ಜಲಜನಕ ಇರುತ್ತದೆ, ಸಮುದ್ರದಲ್ಲಿ ಇಂಗಾಲದ ಅನಿಲ ಕರಗಿರುತ್ತದೆ, ಬಂಡೆಯಲ್ಲಿ ಕಬ್ಬಿಣ ಇರುತ್ತದೆ. ಎರಡೂ ಅನಿಲಗಳು ಕಬ್ಬಿಣದ ಮೇಲೆ ಸೇರಿದರೆ ಒಂದು ಹುಳಿ ಹುಟ್ಟುತ್ತದೆ, ನೀವು ಗಾಜು ಒರೆಸಲು ತರುವ ವಿನಿಗರ್‌ನಲ್ಲಿರುವುದೇ. ಅದಕ್ಕೆ ಇನ್ನೊಂದು ತುಂಡು ಅಂಟಿದರೆ ಇನ್ನೊಂದು ಹುಳಿ. ಹೀಗೆ ಬೆಳೆಯುತ್ತ ಸುತ್ತು ಹಾಕಿ ಕೊನೆಗೆ ಎರಡು ಹೋಳಾಗಿ ಹೊರಟ ಜಾಗಕ್ಕೇ ಬಂದರೆ, ಒಂದಿದ್ದದ್ದು ಎರಡಾಗಿರುತ್ತದೆ. ಎರಡು ನಾಲ್ಕಾಗುತ್ತದೆ. ನಮ್ಮೆಲ್ಲರ ಮೈಯಲ್ಲಿ ಈ ಕ್ಷಣವೂ ಇಂಥದೇ ಒಂದು ಸುತ್ತು ಹಿಂದುಮುಂದಾಗಿ ತಿರುಗುತ್ತಿದೆ. ಉಂಡದ್ದು ಶಕ್ತಿಯಾಗುವುದು ಅದರಿಂದಲೇ.

ನಾನು ಒಂದು ಮುಚ್ಚಳದ ಸ್ಟೀಲ್ ಪಾತ್ರೆಯಲ್ಲಿ ನೀರು, ಕಬ್ಬಿಣದ ಪುಡಿ, ಆ ಎರಡು ಅನಿಲ ಹಾಕಿ ಬಿಸಿ ಮಾಡುತ್ತೇನೆ. ಎರಡು ವರ್ಷ ಸುತ್ತು ಅರ್ಧಕ್ಕೇ ನಿಲ್ಲುತ್ತಿತ್ತು. ಕಳೆದ ತಿಂಗಳು ಪೂರ್ತಿಯಾಯಿತು ಚಿಕ್ಕಮ್ಮ! ಎಲ್ಲ ಹುಳಿಗಳೂ ಸಿಕ್ಕವು. ಮೇಷ್ಟ್ರು ನನ್ನ ಬೆನ್ನು ತಟ್ಟಿ ಕನ್ನಡಕ ಬೀಳಿಸಿಕೊಂಡರು. ಮೇ ೨೦ಕ್ಕೆ ದೊಡ್ಡ ಸಭೆ, ಎಲ್ಲ ಕಡೆಯಿಂದ ಜನ ಬರುತ್ತಾರೆ. ಅಲ್ಲಿ ಹೇಳುತ್ತೇನೆ.

ಒಂದು ಮಾತು. ಇದನ್ನು ಯಾರೂ ಶುರು ಮಾಡಲಿಲ್ಲ, ತಾನಾಗಿಯೇ ಆಯಿತು ಅನ್ನುವುದು ನಮ್ಮ ಎಣಿಕೆ. ನೀವು ದಿನಾ ದೀಪ ಹಚ್ಚಿ ಕೈಮುಗಿಯುವವರು. ನಿಮಗೆ ನೋವಾಗುವುದಾದರೆ ಇನ್ನು ಮುಂದೆ ಇದನ್ನು ಬರೆಯುವುದಿಲ್ಲ.

ಯಾಕಮ್ಮ


ಮಾರ್ಚ್ ೩೦

ಯಾಕಮ್ಮನಿಗೆ,

ನೋವೇ? ನಿನ್ನ ಕಾಗದವನ್ನು ದೇವರ ಮುಂದೆ ಇಟ್ಟೇ ಓದಿದೆ. ‘ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ’ ಅನ್ನುತ್ತೇವೆ. ನೀನು ಹೇಳುವುದು ನೋಡಿದರೆ ಅವನು ಮೊದಲು ಒಲೆ ಹಚ್ಚಿ, ಅಡುಗೆ ಮಾಡಿಟ್ಟು, ಆಮೇಲೆ ಹುಟ್ಟಿಸಿದ್ದಾನೆ. ಯಾವ ಅಡುಗೆಮನೆಯಲ್ಲಾದರೂ ಹಾಗೇ ತಾನೇ? ಉಣ್ಣುವವರನ್ನು ಕೂರಿಸಿ ಆಮೇಲೆ ಒಲೆ ಹಚ್ಚುವವಳು ಮನೆ ನಡೆಸಿದ ಹಾಗೇ. ನೀನು ಅವನ ಹೆಸರು ಹೇಳಬೇಡ. ಕೆಲಸ ಮಾಡಿದವರೆಲ್ಲ ಹೆಸರು ಕೇಳುವುದಿಲ್ಲ.

ನಿನ್ನ ಸುತ್ತು ನನಗೆ ಅರ್ಥವಾಯಿತು ಅಂದರೆ ನಗುತ್ತೀಯೇನೋ. ಅದು ಹೆಪ್ಪು. ಮೊಸರಾಗಬೇಕಾದರೆ ಮೊಸರು ಬೇಕು. ಇವತ್ತಿನದಕ್ಕೆ ನಿನ್ನೆಯದು, ನಿನ್ನೆಯದಕ್ಕೆ ಮೊನ್ನೆಯದು. ಒಂದು ಚಮಚ ಹಾಕಿದರೆ ಒಂದು ಪಾತ್ರೆ, ಆ ಪಾತ್ರೆಯಿಂದ ಊರಿಗೇ ಹೆಪ್ಪು. ಹಾಗಾದರೆ ಮೊಟ್ಟಮೊದಲ ಹೆಪ್ಪು ಎಲ್ಲಿಂದ ಬಂತು? ನೀನು ಕೇಳುತ್ತಿರುವುದು ಅದನ್ನೇ ಅಲ್ಲವೇ?

ಎಂಟು ವರ್ಷದ ಹಿಂದೆ ನಮ್ಮ ಅಡುಗೆಮನೆಯ ನೆಲ ಅಗೆದು ಹನ್ನೆರಡು ದಿನ ಬಾಗಿಲು ಹಾಕಿದ್ದರು. ತೆರೆದಾಗ ಹೆಪ್ಪೆಲ್ಲ ಕೆಟ್ಟು ನೀಲಿಯಾಗಿತ್ತು. ಹೊರಗಿನಿಂದ ತರಬಾರದು ಅಂತ ಆಸ್ಪತ್ರೆಯ ನಿಯಮ. ನಾನು ಉಗುರುಬೆಚ್ಚಗಿನ ಹಾಲಿಗೆ ಹತ್ತು ಮೆಣಸಿನಕಾಯಿ ತೊಟ್ಟು ಹಾಕಿ ಮುಚ್ಚಿಟ್ಟೆ. ಗಂಟೆಯಕ್ಕ “ಏನೇ, ಹಾಲಿಗೆ ಒಗ್ಗರಣೆನಾ?” ಅಂತ ಆಡಿಕೊಂಡಳು. ಮಾರನೆಯ ದಿನ ಅದು ಹಾಲೂ ಅಲ್ಲ ಮೊಸರೂ ಅಲ್ಲ, ಒಂಥರಾ ಲೋಳೆ. ಅದನ್ನೇ ಮತ್ತೆ ಹಾಲಿಗೆ ಹಾಕಿದೆ. ಮೂರನೆಯ ದಿನಕ್ಕೆ ಗಟ್ಟಿ ಮೊಸರು. ನಾಲ್ಕನೆಯ ದಿನಕ್ಕೆ ತಾನು ತೊಟ್ಟಿನಿಂದ ಬಂದೆ ಅನ್ನುವುದು ಆ ಮೊಸರಿಗೇ ಮರೆತುಹೋಗಿತ್ತು. ನಿನ್ನ ಕಬ್ಬಿಣದ ಪುಡಿ ಅಂದರೆ ಈ ತೊಟ್ಟು. ಅದು ಹಾಲಿನ ಕುಲದ್ದಲ್ಲ, ಆದರೂ ಕೆಲಸ ಶುರು ಮಾಡಿಕೊಡುತ್ತದೆ. ಸರಿಯೇ?

ಒಂದು ಕೇಳುತ್ತೇನೆ, ತಪ್ಪು ತಿಳಿಯಬೇಡ. ನಿನ್ನ ಪಾತ್ರೆ ಹೊಸದೇ? ವಾರ್ಡುಗಳಿಗೆ ಹಾಲು ಕಳಿಸುವ ನಮ್ಮ ಡಬ್ಬಿಗಳ ಮುಚ್ಚಳಕ್ಕೆ ರಬ್ಬರಿನ ಬಳೆ ಇದೆ. ಒಮ್ಮೆ ಮೂರು ಡಬ್ಬಿ ಹಾಲು ತಾನಾಗಿಯೇ ಮೊಸರಾಗಿತ್ತು. ಎಲ್ಲರೂ ಆಶ್ಚರ್ಯಪಟ್ಟರು. ನೋಡಿದರೆ ಹಿಂದಿನ ದಿನ ಅವುಗಳಲ್ಲಿ ಮೊಸರು ತುಂಬಿದ್ದರು, ಬಳೆ ಬಿಚ್ಚದೆ ತೊಳೆದಿದ್ದರು. ರಬ್ಬರು ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತದೆ. ನಿನ್ನ ಮುಚ್ಚಳಕ್ಕೆ ಬಳೆ ಇದ್ದರೆ ಬಿಚ್ಚಿ ತೊಳೆ.

ನನಗೆ ಸ್ವಲ್ಪ ಹೊಟ್ಟೆ ಭಾರ, ಸುಸ್ತು. ವಯಸ್ಸು ಐವತ್ತಾಯಿತಲ್ಲ. ಏನಿಲ್ಲ.

ಚಿಕ್ಕಮ್ಮ


ಮೇ ೧

ಯಾಕಮ್ಮನಿಗೆ,

ತಿಂಗಳಾಯಿತು, ನಿನ್ನಿಂದ ಒಂದು ಅಕ್ಷರವಿಲ್ಲ. ದಿನಾ ಕೆಲಸದಿಂದ ಬಂದವಳು ಚಪ್ಪಲಿ ಬಿಡುವ ಮುಂಚೆ ಅಂಚೆ ಡಬ್ಬಿ ನೋಡುತ್ತೇನೆ.

ದೇವರ ಮಾತು ತಂದದ್ದು ನಿನಗೆ ಹಿಡಿಸಲಿಲ್ಲವೇನೋ. ನಿನ್ನ ಇಷ್ಟು ವರ್ಷದ ವಿದ್ಯೆಯನ್ನು ಮೊಸರಿನ ಪಾತ್ರೆಗೆ ಇಳಿಸಿದೆನಲ್ಲ, ಅದೂ ಇರಬಹುದು. ನನಗೆ ಗೊತ್ತಿರುವುದು ಅದೊಂದೇ, ಅದಕ್ಕೆ ಹಾಗೆ ಬರೆದೆ. ತಪ್ಪಾಗಿದ್ದರೆ ಮರೆತುಬಿಡು. ಬರೆಯಲೇಬೇಕು ಅಂತ ನಿನಗೆ ಯಾವ ಕಟ್ಟೂ ಇಲ್ಲ, ಅದು ನನಗೂ ಗೊತ್ತು. ಚೆನ್ನಾಗಿದ್ದೇನೆ ಅಂತ ಒಂದು ಸಾಲು ಹಾಕಿದರೆ ಸಾಕು.

ಚಿಕ್ಕಮ್ಮ


ಮೇ ೬

ಚಿಕ್ಕಮ್ಮನಿಗೆ ನಮಸ್ಕಾರಗಳು.

ಕಾಗದ ಸಿಕ್ಕಿತು. ನನಗೆ ಕೋಪವಿಲ್ಲ. ನೀವು ಹೇಳಿದ ಹಾಗೆ ರಬ್ಬರ್ ಬಳೆ ಬಿಚ್ಚಿದೆವು. ಕೆಲಸ ಬಹಳ ಇದೆ, ಸಭೆ ಮುಗಿಯುವವರೆಗೆ ಬರೆಯಲಾಗುವುದಿಲ್ಲ. ಆರೋಗ್ಯ ನೋಡಿಕೊಳ್ಳಿ.


ಮೇ ೧೪

ಯಾಕಮ್ಮನಿಗೆ,

ಇದನ್ನು ನಾನು ಅಂಚೆಗೆ ಹಾಕುವುದಿಲ್ಲ. ಮನಸ್ಸಿನ ಭಾರ ಇಳಿಸಲು ಬರೆಯುತ್ತಿದ್ದೇನೆ. ಬೇರೆ ಒಂದನ್ನು ಹಾಕುತ್ತೇನೆ.

ನಿನ್ನ ಐದು ಸಾಲು ಓದಿದೆ. ಕೆಳಗೆ ಹೆಸರೂ ಇರಲಿಲ್ಲ. ದೂರವಾಗುವವರು ಹೀಗೇ, ಜಗಳ ಮಾಡುವುದಿಲ್ಲ, ‘ಆರೋಗ್ಯ ನೋಡಿಕೊಳ್ಳಿ’ ಅನ್ನುತ್ತಾರೆ.

ಆರೋಗ್ಯವನ್ನು ಡಾಕ್ಟರಮ್ಮ ನೋಡಿದರು. ಹೊಟ್ಟೆ ಭಾರ ಅಂದಿದ್ದೆನಲ್ಲ, ಅದು ಗರ್ಭಕೋಶದಲ್ಲಿ ಗಡ್ಡೆಯಂತೆ. ಗರ್ಭಕೋಶವನ್ನೇ ತೆಗೆಯಬೇಕಂತೆ, ಗಡ್ಡೆ ಒಳ್ಳೆಯದೋ ಕೆಟ್ಟದ್ದೋ ತೆಗೆದ ಮೇಲೆ ಗೊತ್ತಾಗುವುದಂತೆ. ಮೇ ೨೧ಕ್ಕೆ ಆಪರೇಷನ್, ನಮ್ಮ ಆಸ್ಪತ್ರೆಯಲ್ಲೇ. ಗಂಟೆಯಕ್ಕ ಅತ್ತಳು. ನಾನು ಅವಳಿಗೆ “ಅಳಬೇಡ್ವೇ, ಒಂದು ದಿನಾನೂ ಒಲೆ ಮೇಲಿಡದ ಪಾತ್ರೆ ಅದು. ಹೋದ್ರೆ ಹೋಗ್ಲಿ” ಅಂದೆ. ಹಾಗೆ ಅಂದೆ. ಮನೆಗೆ ಬಂದು ದೀಪದ ಮುಂದೆ ಕೂತಾಗ ಬೇರೆ ಆಯಿತು.

ಇವತ್ತು ಒಂದು ಫಾರಂ ತುಂಬಲು ಕೊಟ್ಟರು. ‘ಅತಿ ಹತ್ತಿರದ ಸಂಬಂಧಿ’ ಅಂತ ಒಂದು ಗೆರೆ, ಪಕ್ಕದಲ್ಲಿ ‘ಸಂಬಂಧ’ ಅಂತ ಇನ್ನೊಂದು. ಪೆನ್ನು ಹಿಡಿದು ಕೂತೆ. ನಿನ್ನ ಹೆಸರು ಬರೆದರೆ ಪಕ್ಕದಲ್ಲಿ ಏನು ಬರೆಯಲಿ? ಮಲಮಗಳು ಅಂತ ಬರೆಯಲು ಕೈ ಬರಲಿಲ್ಲ. ಎಂಥ ಪದ ಮಾಡಿಟ್ಟಿದ್ದಾರೆ ನೋಡು, ಹೇಳಿದರೆ ಬಾಯಿ ತೊಳೆಯಬೇಕು ಅನ್ನಿಸುತ್ತದೆ. ಮಗಳು ಅಂತ ಬರೆಯೋಣ ಅಂದರೆ ನಿನ್ನನ್ನು ಕೇಳದೆ ಬರೆಯುವುದು ಹೇಗೆ? ನಿನ್ನ ಹೆತ್ತ ತಾಯಿಯ ಜಾಗ ಅದು. ಹದಿನೇಳು ವರ್ಷ ಅದರ ಹೊಸ್ತಿಲು ದಾಟಿದವಳಲ್ಲ ನಾನು. ಕ್ಲರ್ಕು “ಬೇಗಮ್ಮಾ, ಹಿಂದೆ ಜನ ನಿಂತಿದ್ದಾರೆ” ಅಂದ. ‘ಯಾರೂ ಇಲ್ಲ’ ಅಂತ ಬರೆದು ಕೊಟ್ಟೆ.

ನಿನಗೆ ಹೇಳಬಹುದು. ಹೇಳಿದರೆ ನೀನು ಬರುತ್ತೀಯ, ಅಪ್ಪನ ಮುಖ ನೋಡಿ ಬರುತ್ತೀಯ. ೨೦ಕ್ಕೆ ನಿನ್ನ ಸಭೆ. ಎರಡು ವರ್ಷ ಕಲ್ಲು ಬೇಯಿಸಿ, ಬೆಂದ ದಿನ ಪಾತ್ರೆ ಬಿಟ್ಟು ಬಾ ಅನ್ನಲು ನಾನು ಯಾರು?

ಭಯವಾಗಿದೆ ಮಗೂ. ದೇವರಿದ್ದಾನೆ. ಆದರೂ ಭಯವಾಗಿದೆ.


ಮೇ ೧೪

ಯಾಕಮ್ಮನಿಗೆ,

ನಾನು ಚೆನ್ನಾಗಿದ್ದೇನೆ. ಇಲ್ಲಿ ಬಿಸಿಲು ಜೋರು, ಹಾಲಿಗೆ ಅರ್ಧ ಹೆಪ್ಪು ಸಾಕಾಗುತ್ತಿದೆ. ಗಂಟೆಯಕ್ಕ ನಿನ್ನನ್ನು ಕೇಳಿದಳು, ಕಲ್ಲು ಬೆಂದಿದೆ ಅಂತ ಹೇಳಿದೆ.

ಸಭೆಗೆ ಹೋಗುವಾಗ ಹಸಿದ ಹೊಟ್ಟೆಯಲ್ಲಿ ಹೋಗಬೇಡ, ಗಂಟಲು ಒಣಗುತ್ತದೆ. ಜೂನ್ ರಜೆಗೆ ಬರುತ್ತೀಯೋ ಇಲ್ಲವೋ ಅಂತ ನನ್ನ ಸಲುವಾಗಿ ಯೋಚಿಸಬೇಡ. ಇಲ್ಲಿ ನನಗೆ ಬೇಕಾದಷ್ಟು ಜನ ಇದ್ದಾರೆ.

ಚಿಕ್ಕಮ್ಮ


ಮೇ ೨೨, ತುರ್ತು ಅಂಚೆ

ಚಿಕ್ಕಮ್ಮ,

ನಿನಗೆ ಬುದ್ಧಿ ಇದೆಯಾ?

ನಿನ್ನ ಕಾಗದ ಈಗ ತಾನೇ ಬಂತು. ಎರಡೂ ಬಂತು. ಒಂದೇ ಲಕೋಟೆಯಲ್ಲಿ. ಒಂದರಲ್ಲಿ ಚೆನ್ನಾಗಿದ್ದೇನೆ, ಇನ್ನೊಂದರಲ್ಲಿ ಭಯವಾಗಿದೆ. ಯಾವುದನ್ನು ಮೊದಲು ಓದಿದೆ ಅಂತ ಕೇಳಬೇಡ. ಮೆಟ್ಟಿಲ ಮೇಲೇ ಕೂತುಬಿಟ್ಟೆ.

ತಕ್ಷಣ ಆಸ್ಪತ್ರೆಯ ಅಡುಗೆಮನೆಗೆ ಫೋನು ಮಾಡಿದೆ. ಗಂಟೆಯಕ್ಕ ಸಿಕ್ಕರು. “ನಿನ್ನೆನೇ ಆಯ್ತು ಕಣಮ್ಮ, ಎಚ್ಚರವಾಗಿದ್ದಾಳೆ, ನಾನು ಹಾಕಿದ ಮೊಸರು ನೀರು ಅಂತ ಬೈದ್ಲು. ಗಡ್ಡೆ ಇಷ್ಟು ದಪ್ಪ ಇತ್ತಂತೆ!” ಇಷ್ಟು ಅಂದರೆ ಎಷ್ಟು ಅಂತ ಫೋನಿನಲ್ಲಿ ನನಗೆ ಹೇಗೆ ಕಾಣಬೇಕು? ಕಾಗದ ಹಾಕಿದ್ದೂ ಅವರೇ ಅಂತೆ. “ಕಾಗದ ಅಂಚೆಗೆ ಹಾಕು ಅಂದಿದ್ಲು. ಮೇಜಿನ ಮೇಲೆ ಎರಡು ಹಾಳೆ ಇತ್ತು, ಎರಡನ್ನೂ ಮಡಚಿ ಹಾಕಿದೆ. ಒಂದನ್ನ ಬಿಟ್ಟಿದ್ರೆ ನಿನಗೆ ಅರ್ಧ ಕಥೆ ತಾನೇ ಗೊತ್ತಾಗ್ತಿದ್ದದ್ದು?” ಅವರ ಬಾಯಿಗೆ ಸಕ್ಕರೆ ಹಾಕಬೇಕು.

ಮಲಮಗಳು ಅಂತ ಬರೆಯಲು ಕೈ ಬರಲಿಲ್ಲ, ಸರಿ. ‘ಯಾರೂ ಇಲ್ಲ’ ಅಂತ ಬರೆಯಲು ಹೇಗೆ ಬಂತು? ನಾನು ಸತ್ತಿದ್ದೀನಾ?

ನಾನು ಯಾಕೆ ಬರೆಯಲಿಲ್ಲ ಗೊತ್ತಾ? ನಿನ್ನ ದೇವರಿಗೂ ಅದಕ್ಕೂ ಸಂಬಂಧವಿಲ್ಲ. ಆ ಬಳೆ ಬಿಚ್ಚಿದೆ. ಹೊಸದು ಹಾಕಿ ಮಾಡಿದೆ. ಸುತ್ತು ನಿಂತುಹೋಯಿತು. ನಾಲ್ಕು ಸಲ ಮಾಡಿದೆ, ನಾಲ್ಕು ಸಲವೂ ನಿಂತಿತು. ಜನವರಿಯಲ್ಲಿ ಬೇರೆ ಪ್ರಯೋಗಕ್ಕೆ ಅದೇ ಪಾತ್ರೆಯಲ್ಲಿ ಆ ಹುಳಿಗಳನ್ನು ನಾವೇ ಹಾಕಿದ್ದೆವು. ರಬ್ಬರು ಹೀರಿಕೊಂಡು ಕೂತಿತ್ತು. ನನ್ನ ಎರಡು ವರ್ಷದ ಜಂಬ ಹಳೆಯ ಹೆಪ್ಪು ಚಿಕ್ಕಮ್ಮ! ನಿನಗೆ ಹೇಳಿದರೆ ‘ನನ್ನಿಂದ ಮಗುವಿನ ಕೆಲಸ ಕೆಟ್ಟಿತು’ ಅಂತ ಕೊರಗುತ್ತೀಯ ಅಂದುಕೊಂಡೆ. ನಾಚಿಕೆಯೂ ಆಗಿತ್ತು. ಅದಕ್ಕೆ ಆ ಐದು ಸಾಲು.

ಸಭೆಯಲ್ಲಿ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಬೇರೆ ಕಡೆಯಿಂದ ಬಂದಿದ್ದ ಒಬ್ಬ ಹಿರಿಯರು “ಬಳೆ ನೋಡಬೇಕು ಅಂತ ಹೇಗೆ ಹೊಳೀತು?” ಅಂದರು. “ನಮ್ಮ ಮನೇಲಿ ಹೇಳಿದ್ರು” ಅಂದೆ. ಅವರು ಅದನ್ನು ಬರೆದುಕೊಂಡರು, ಯಾಕೋ ಗೊತ್ತಿಲ್ಲ. ಎಲ್ಲವೂ ಹೋಗಲಿಲ್ಲ. ಕಬ್ಬಿಣದ ಮೇಲೆ ಮೊದಲ ಎರಡು ಹುಳಿ ಹೊಸ ಬಳೆ ಹಾಕಿದ ಮೇಲೂ ಹುಟ್ಟಿವೆ. ಯಾವ ಹೆಪ್ಪೂ ಇಲ್ಲದೆ. ಅವೆರಡು ನಿಜ. ಅಲ್ಲಿಂದ ಮತ್ತೆ ಶುರು ಮಾಡುತ್ತೇನೆ.

ಬಿಸಿಗಿಟ್ಟ ಪಾತ್ರೆ ನಾಳೆ ಸಂಜೆ ಆರಬೇಕು, ನಾಳಿದ್ದು ರೈಲು. ೨೬ರ ಬೆಳಗ್ಗೆ ಅಲ್ಲಿರುತ್ತೇನೆ. ಫೋನಿನಲ್ಲಿ ಬೈದರೆ ನೀನು ಹೂಂ ಅಂದು ಮುಗಿಸುತ್ತೀಯ, ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಏಳಬೇಡ. ಭಾರ ಎತ್ತಬೇಡ. ಯಾರ ಮೊಸರು ಹೇಗಾದರೂ ಇರಲಿ, ಸುಮ್ಮನೆ ತಿನ್ನು.

ಯಾಕಮ್ಮ


ಮೇ ೨೫

ಮಗೂ,

ನರ್ಸಮ್ಮನ ಪೆನ್ನು ಕೇಳಿಕೊಂಡು ಮಲಗಿಯೇ ಬರೆಯುತ್ತಿದ್ದೇನೆ, ಅಕ್ಷರ ಗುಡ್ಡ ಹತ್ತಿದ ಹಾಗಿದೆ. ಡಾಕ್ಟರಮ್ಮ ಬಂದು ಗಡ್ಡೆ ಒಳ್ಳೆಯದು ಅಂದರು. ಅಷ್ಟು ಒಳ್ಳೆಯದಾಗಿದ್ದರೆ ನನ್ನ ಹೊಟ್ಟೆಯಲ್ಲೇ ಯಾಕೆ ಕೂತಿತ್ತು ಅಂತ ಕೇಳಿದೆ. ಹೊಲಿಗೆ ಎಳೆಯುತ್ತೆ ನಗಬೇಡಿ ಅಂದರು. ನಾನು ನಗಲಿಲ್ಲ, ಅವರೇ ನಕ್ಕರು. ದೇವರು ದೊಡ್ಡವನು.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಪಕ್ಕದ ಮಂಚದವರು “ಒಳ್ಳೆ ಸುದ್ದಿನಾ?” ಅಂದರು. “ನನ್ನ ಮಗಳು ಬೈದಿದ್ದಾಳೆ” ಅಂದೆ. ಬೈದದ್ದಕ್ಕೆ ಯಾರಾದರೂ ಇಷ್ಟು ಸಂತೋಷಪಡುತ್ತಾರಾ ಅಂತ ಅವರಿಗೆ ಅನುಮಾನ. ಅವರಿಗೇನು ಗೊತ್ತು. ಹತ್ತನೆಯ ವರ್ಷದಿಂದ ನೀನು ನನಗೆ ಬಹುವಚನ ಬಿಟ್ಟು ಮಾತಾಡಿದವಳಲ್ಲ. ಅಪ್ಪನಿಗೆ ‘ನೀನು’, ನನಗೆ ‘ನೀವು’. ಕೂತುಕೊಳ್ಳಿ, ಬನ್ನಿ, ಆರೋಗ್ಯ ನೋಡಿಕೊಳ್ಳಿ. ಮರ್ಯಾದೆಗೆ ಒಂದು ದಿನವೂ ಕಮ್ಮಿ ಮಾಡಲಿಲ್ಲ. ಆ ಮರ್ಯಾದೆಯನ್ನು ಎಲ್ಲಿಡಬೇಕೋ ತಿಳಿಯದೆ ಹದಿನೇಳು ವರ್ಷ ಕೈಯಲ್ಲೇ ಹಿಡಿದುಕೊಂಡು ನಿಂತಿದ್ದೆ. ಈ ಸಲ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಏಕವಚನ. ಕೋಪದಲ್ಲಿ ನಿನಗೆ ಗೊತ್ತೇ ಆಗಿಲ್ಲ. ನಾಳೆ ಬಂದಾಗ ನೆನಪಾಗಿ ಮತ್ತೆ ‘ನೀವು’ ಅಂದೆಯೋ, ಹೊಲಿಗೆ ಬಿಚ್ಚಿದರೂ ಸರಿ, ಎದ್ದು ಬಂದು ಹೊಡೆಯುತ್ತೇನೆ.

ಬೆಳಗ್ಗೆ ನರ್ಸಮ್ಮನಿಗೆ ಆ ಫಾರಂ ಕೊಡಿ ಅಂದೆ. “ಆಪರೇಷನ್ನೇ ಆಗೋಯ್ತಲ್ಲಮ್ಮ, ಈಗ್ಯಾಕೆ?” ಅಂದರು. “ತಪ್ಪು ಬರೆದಿದ್ದೀನಿ ತಾಯಿ, ತಿದ್ಬೇಕು” ಅಂದೆ. ತಿದ್ದಿದೆ.

ನಿನ್ನ ಕೆಲಸ ಕೆಡಿಸಿದೆ ಅಂತ ನಾನು ಕೊರಗುವುದಿಲ್ಲ. ಎರಡು ಹುಳಿ ನಿಜ ಅಂದೆಯಲ್ಲ, ಅಷ್ಟು ಸಾಕು. ಮೊದಲ ದಿನವೇ ಗಟ್ಟಿ ಮೊಸರು ಕೇಳುವವರು ಅಂಗಡಿಗೆ ಹೋಗಲಿ.

ನಾಳೆ ಬರುವವಳಿಗೆ ಇವತ್ತು ಕಾಗದ ಯಾಕೆ ಅನ್ನುತ್ತೀಯ. ಇದು ಇಲ್ಲಿ ಓದಲು ಅಲ್ಲ, ನಿನ್ನ ಅಲ್ಲಿಯ ಕೋಣೆಗೆ. ಗಂಟೆಯಕ್ಕ ಮಧ್ಯಾಹ್ನ ಹೋಗುವಾಗ ಹಾಕುತ್ತಾಳೆ. ನೀನು ನಾಲ್ಕು ದಿನ ನನ್ನ ಜೊತೆ ಇದ್ದು, ನನ್ನ ಮೇಲೆ ಇನ್ನಷ್ಟು ರೇಗಾಡಿ, ವಾಪಸು ಹೋಗಿ ಬೀಗ ತೆಗೆಯುವಾಗ ಇದು ಬಾಗಿಲಿನ ಹಿಂದೆ ಬಿದ್ದಿರುತ್ತದೆ. ಯಾರೂ ಇಲ್ಲದ ಕೋಣೆಗೆ ಹೋಗಿ ದೀಪ ಹಾಕಿಕೊಳ್ಳುವುದು ಹೇಗಿರುತ್ತದೆ ಅಂತ ಈ ಆರೇಳು ತಿಂಗಳಲ್ಲಿ ನನಗೆ ಗೊತ್ತಾಗಿದೆ. ನಿನಗೆ ಅದು ಬೇಡ.

ಇಷ್ಟು ಹೊತ್ತಿಗೆ ಬಾಗಿಲಲ್ಲಿ ನಿಂತುಕೊಂಡೇ ಓದಿ ಮುಗಿಸಿರುತ್ತೀಯ. ಚೀಲ ಕೆಳಗಿಡು. ಕೈಕಾಲು ತೊಳೆದುಕೊಂಡು ಏನಾದರೂ ತಿನ್ನು.